ಫೋಟೋದ ಬೆನ್ನಿಗೆ ಬರೆದ ಒಂದು ಸಾಲು

ನಿವೃತ್ತರಾದ ಮೇಲೆ ಕೆಲವರು ಹೂತೋಟ ಮಾಡುತ್ತಾರೆ, ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಇನ್ನು ಕೆಲವರು ದಿನಾ ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು ದೇಶ ನಡೆಸುತ್ತಾರೆ. ನನ್ನ ಹವ್ಯಾಸ ಏನೆಂದು ಕೇಳಿದವರು ಮಾತ್ರ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ನಾನು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೈನಿಕರ, ಅವರ ಲಾರಿ, ಟ್ಯಾಂಕು, ಮೋಟಾರ್ ಸೈಕಲ್‌ಗಳ ಹಳೆಯ ಫೋಟೋಗಳನ್ನು ಸಂಗ್ರಹಿಸುತ್ತೇನೆ. ಬರೀ ಸಂಗ್ರಹಿಸಿದರೆ ಆಗಲಿಲ್ಲ. ಅದು ಯಾವ ವಾಹನ, ಯಾವ ವರ್ಷ, ಯಾವ ದೇಶದ ರಸ್ತೆ ಎಂದು ಗುರುತಿಸುವುದೇ ಈ ಹವ್ಯಾಸದ ಜೀವ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದೆಲ್ಲಿಂದ ಅಂಟಿಕೊಂಡಿತು ಎನ್ನುತ್ತೀರಾ? ನನ್ನ ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ನಿವೃತ್ತಿಯ ಮರುವರ್ಷ, 2011ರಲ್ಲಿ, ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಮಗಳು ನಮ್ಮನ್ನು ಹಳೆ ಸಾಮಾನಿನ ಸಂತೆಗೆ ಕರೆದೊಯ್ದಳು. ಕಪ್ಪು-ಬಸಿ, ಗಡಿಯಾರ, ಗೊಂಬೆಗಳ ನಡುವೆ ಒಂದು ಬೂಟಿನ ಡಬ್ಬ. ಅದರ ತುಂಬ ಕಪ್ಪು-ಬಿಳುಪು ಫೋಟೋಗಳು. ಒಂದಕ್ಕೆ ಒಂದು ಯೂರೋ. ಯಾರದೋ ಮನೆಯ ಹಿರಿಯರು ತೀರಿಕೊಂಡಾಗ ಮಕ್ಕಳು ಅಟ್ಟ ಖಾಲಿ ಮಾಡಿ ಮಾರಿದ್ದಿರಬೇಕು. ಬೆನ್ನಿನ ಮೇಲೆ ಹೆಸರಿಲ್ಲ, ಊರಿಲ್ಲ. ದಿಕ್ಕಿಲ್ಲದ ಆ ಮುಖಗಳನ್ನು ನೋಡಿ ನನಗೆ ಏನೋ ಆಯಿತು. ಹದಿನೈದು ಫೋಟೋ ಕೊಂಡೆ. ಇಂದು ನನ್ನ ಬಳಿ ನಾನೂರಕ್ಕಿಂತ ಹೆಚ್ಚಿವೆ.

ನಾಲ್ಕು ನಾಣ್ಯಕ್ಕೆ ಒಂದು ಕ್ಯಾಮೆರಾ

ಮಕ್ಕಳೇ, ನಿಮ್ಮ ಇತಿಹಾಸದ ಪುಸ್ತಕದಲ್ಲಿ ಓದಿರುತ್ತೀರಿ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಯೂರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. ಆ ಅವಧಿಯಲ್ಲಿ ಸುಮಾರು ಅರುವತ್ತು ಲಕ್ಷ ಯಹೂದಿಗಳನ್ನು ನಾಜಿಗಳೂ ಅವರ ಜೊತೆಗಾರರೂ ಕೊಂದರು. ಇಂಥ ಯುದ್ಧದಲ್ಲಿ ಜರ್ಮನ್ ಸೈನಿಕರು ಬಂದೂಕಿನ ಜೊತೆಗೆ ಕ್ಯಾಮೆರಾವನ್ನೂ ಹೊತ್ತು ನಡೆದಿದ್ದರು.

ಸರ್ಕಾರದ ಪ್ರಚಾರಕ್ಕಾಗಿ ಫೋಟೋ ತೆಗೆಯುವ ಪ್ರತ್ಯೇಕ ತುಕಡಿಗಳೇ ಇದ್ದವು. ಅವಲ್ಲದೆ ಸಾಮಾನ್ಯ ಸಿಪಾಯಿಗಳೂ ತಮ್ಮ ಪಾಡಿಗೆ ತಾವು ಫೋಟೋ ತೆಗೆದು ಮನೆಗೆ ಕಳಿಸುತ್ತಿದ್ದರು. ಅಲ್ಲಿ ಕ್ಯಾಮೆರಾ ಅಷ್ಟು ಅಗ್ಗವಾಗಿತ್ತು. 1932ರಲ್ಲಿ ಅಗ್ಫಾ ಕಂಪನಿ ಒಂದು ತಮಾಷೆಯ ಯೋಜನೆ ತಂದಿತು. ಜರ್ಮನಿಯ ನಾಣ್ಯಗಳ ಮೇಲೆ ಅವು ಯಾವ ಟಂಕಸಾಲೆಯಲ್ಲಿ ಅಚ್ಚಾದವು ಎಂದು ತಿಳಿಸುವ ಒಂದೊಂದು ಅಕ್ಷರ ಇರುತ್ತಿತ್ತು. ಬರ್ಲಿನ್ನಿನದಕ್ಕೆ 'ಎ', ಕಾರ್ಲ್ಸ್‌ರೂಹೆಯದಕ್ಕೆ 'ಜಿ', ಸ್ಟುಟ್‌ಗಾರ್ಟಿನದಕ್ಕೆ 'ಎಫ್'. ಎ, ಜಿ, ಎಫ್, ಎ ಅಕ್ಷರಗಳಿರುವ ನಾಲ್ಕು ಒಂದು-ಮಾರ್ಕ್ ನಾಣ್ಯ ತಂದುಕೊಟ್ಟರೆ ಒಂದು ಪೆಟ್ಟಿಗೆ ಕ್ಯಾಮೆರಾ! ಊರೆಲ್ಲ ಜನ ನಾಣ್ಯ ಹುಡುಕಲು ಹೊರಟರಂತೆ. ಕೌಂಟರಿನಲ್ಲಿ ಚಿಲ್ಲರೆ ಎಣಿಸಿದ ನನಗೆ ಈ ಕಥೆ ಬಹಳ ಇಷ್ಟ.

ಖೋಟಾ ನೋಟಿನ ದೀಪ

ಈಗ ಗುರುತಿಸುವ ಕೆಲಸಕ್ಕೆ ಬರೋಣ. ಮೊದಲ ಪ್ರಶ್ನೆ: ಈ ಫೋಟೋ ನಿಜವಾಗಿಯೂ ಯುದ್ಧಕಾಲದ್ದೇ? ಅಥವಾ ನಂತರ ಯಾರೋ ನಕಲು ಮಾಡಿ ಮಾರಿದ್ದೇ?

ಆಗಿನ ಸಣ್ಣ ಫೋಟೋಗಳಲ್ಲಿ ಹಲವು ನೆಗೆಟಿವ್ ಗಾತ್ರದಲ್ಲೇ ಅಚ್ಚಾದವು. 6 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಉದ್ದ ಸಾಮಾನ್ಯ. ಅಂಚನ್ನು ಬಿಸ್ಕತ್ತಿನ ಅಂಚಿನಂತೆ ಅಂಕುಡೊಂಕಾಗಿ ಕತ್ತರಿಸುವುದು ಆಗ ಒಂದು ಶೋಕಿ. ತಿರುಗಿಸಿದರೆ ಬೆನ್ನಿನ ಮೇಲೆ ಕಾಗದದ ಹೆಸರು ತೆಳ್ಳಗೆ ಅಚ್ಚಾಗಿರಬಹುದು. 'ಅಗ್ಫಾ ಲೂಪೆಕ್ಸ್' ಎಂಬುದು ನನ್ನ ಸಂಗ್ರಹದಲ್ಲಿ ಹೆಚ್ಚಾಗಿ ಸಿಗುವ ಹೆಸರು.

ಇನ್ನೊಂದು ಪರೀಕ್ಷೆ ನಾನು ಬ್ಯಾಂಕಿನಿಂದ ತಂದ ವಿದ್ಯೆ. ಖೋಟಾ ನೋಟು ಹಿಡಿಯುವ ನೇರಳಾತೀತ ದೀಪವನ್ನು ನೀವು ಅಂಗಡಿಗಳಲ್ಲಿ ನೋಡಿರಬಹುದು. ಅಸಲಿ ನೋಟಿನ ಕಾಗದ ಅದರ ಕೆಳಗೆ ಮಂಕಾಗಿಯೇ ಇರುತ್ತದೆ. ಸಂಖ್ಯೆ, ಎಳೆಗಳು ಮಾತ್ರ ಹೊಳೆಯುತ್ತವೆ. ಸಾಧಾರಣ ಬಿಳಿ ಕಾಗದವಾದರೆ ಇಡೀ ಹಾಳೆಯೇ ನೀಲಿಯಾಗಿ ಬೆಳಗುತ್ತದೆ, ಏಕೆಂದರೆ ಅದಕ್ಕೆ ಬೆಳ್ಳಗೆ ಕಾಣಿಸುವ ರಾಸಾಯನಿಕ ಬೆರೆಸಿರುತ್ತಾರೆ. ಫೋಟೋ ಕಾಗದಕ್ಕೆ ಇಂಥ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ. ಹಾಗಾಗಿ '1941ರ ಫೋಟೋ' ಎಂದು ಕೊಟ್ಟದ್ದು ದೀಪದ ಕೆಳಗೆ ಫಳಫಳ ಹೊಳೆದರೆ, ಅದು ಆಗ ಅಚ್ಚಾದದ್ದಲ್ಲ. ಹೊಳೆಯದಿದ್ದರೆ? ಅಸಲಿ ಇರಬಹುದು, ಅಷ್ಟೆ. ಹಳೆಯ ಕಾಗದದ ಮೇಲೂ ಮೋಸ ಮಾಡುವವರಿದ್ದಾರೆ. ಒಂದು ಸಹಿ ಹೊಂದಿದ ಮಾತ್ರಕ್ಕೆ ಚೆಕ್ ಪಾಸು ಮಾಡಲು ಬರುವುದಿಲ್ಲ. ಖಾತೆ, ದಿನಾಂಕ, ಮೊತ್ತ ಎಲ್ಲ ನೋಡಬೇಕು. ಇಲ್ಲೂ ಹಾಗೆಯೇ.

ಚಕ್ರ ಎಣಿಸು, ಮರಿ

ನನ್ನ ಮೊಮ್ಮಗ ಬೆಂಗಳೂರಿನಲ್ಲಿ ಏಳನೇ ತರಗತಿ ಓದುತ್ತಾನೆ. ಕಳೆದ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ. ಕಂಪ್ಯೂಟರ್ ಆಟಗಳ ದಯೆಯಿಂದ ಅವನಿಗೆ ಜರ್ಮನ್ ಟ್ಯಾಂಕುಗಳ ಹೆಸರೆಲ್ಲ ಬಾಯಿಪಾಠ. ಆದರೆ ಫೋಟೋದಲ್ಲಿ ಯಾವ ಟ್ಯಾಂಕ್ ಕಂಡರೂ ಅವನಿಗೆ ಅದು ಟೈಗರ್.

"ಅಜ್ಜ, ಇದು ಟೈಗರ್ ಅಲ್ವಾ?"

"ಚಕ್ರ ಎಣಿಸು, ಮರಿ."

ಭೂತಗನ್ನಡಿ ಹಿಡಿದು ಎಣಿಸಿದ. ಒಂದು ಬದಿಯಲ್ಲಿ ಎಂಟು ಚಿಕ್ಕ ಚಕ್ರ. "ಹಾಗಾದರೆ ಅದು ನಾಲ್ಕನೇ ನಮೂನೆಯ ಪಾಂಜರ್" ಎಂದೆ. ಆರು ಚಕ್ರವಿದ್ದರೆ ಮೂರನೇ ನಮೂನೆ. ನಾಲ್ಕೇ ನಾಲ್ಕು ದೊಡ್ಡ ಚಕ್ರವಿದ್ದರೆ ಅದು ಹುಟ್ಟಿನಲ್ಲಿ ಜರ್ಮನಿಯದೇ ಅಲ್ಲ. ಜರ್ಮನಿ ವಶಪಡಿಸಿಕೊಂಡ ಚೆಕ್ ದೇಶದ ಕಾರ್ಖಾನೆಯದು. ಚಕ್ರಗಳು ತಟ್ಟೆ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಸೇರಿಕೊಂಡಿದ್ದರೆ ಟೈಗರ್ ಅಥವಾ ಪ್ಯಾಂಥರ್ ಇರಬಹುದು. ಟೈಗರಿನ ಮೊದಲ ಮಾದರಿ ತಯಾರಾದದ್ದೇ ಸುಮಾರು 1350. ಆದರೆ ಯುದ್ಧದಲ್ಲಿ ಎದುರಾಳಿ ಸೈನಿಕರು ಕೂಡ ಹೆದರಿಕೆಯಲ್ಲಿ ನಾಲ್ಕನೇ ನಮೂನೆಯನ್ನೇ ಟೈಗರ್ ಎಂದು ವರದಿ ಮಾಡಿದ್ದುಂಟು. ಮೊಮ್ಮಗನಿಗೆ ಸಮಾಧಾನವಾಯಿತು, ತಪ್ಪಿದ್ದು ಅವನೊಬ್ಬನೇ ಅಲ್ಲವಲ್ಲ.

"ಹಾಗಾದ್ರೆ ಜರ್ಮನ್ ಸೈನ್ಯದಲ್ಲಿ ಯಾವ ಗಾಡಿ ಜಾಸ್ತಿ ಇತ್ತು, ಅಜ್ಜ?"

ನಾನು ಇನ್ನೊಂದು ಫೋಟೋ ಮುಂದಿಟ್ಟೆ. ಮಂಡಿವರೆಗೆ ಕೆಸರು, ಅದರಲ್ಲಿ ಹೂತುಹೋದ ಒಂದು ಬಂಡಿ, ಅದನ್ನು ಎಳೆಯಲಾರದೆ ನಿಂತ ನಾಲ್ಕು ಕುದುರೆ. ಸಿನಿಮಾದಲ್ಲಿ ಜರ್ಮನ್ ಸೈನ್ಯವೆಂದರೆ ಉಕ್ಕಿನ ಯಂತ್ರ. ಆದರೆ 1941ರ ಜೂನ್ 22ರಂದು ಸೋವಿಯತ್ ದೇಶದ ಮೇಲೆ ದಾಳಿ ಹೊರಟಾಗ ಅದರ ಜೊತೆ ಆರು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ತೋಪು, ಊಟ, ಗಾಯಾಳು ಎಲ್ಲವನ್ನೂ ಎಳೆದವು ಅವೇ. ಪ್ರಚಾರದ ಫೋಟೋಗಳಲ್ಲಿ ಟ್ಯಾಂಕುಗಳದೇ ಮೆರವಣಿಗೆ. ಸಿಪಾಯಿಗಳು ತೆಗೆದ ಸಣ್ಣ ಫೋಟೋಗಳಲ್ಲಿ ಎಲ್ಲಿ ನೋಡಿದರೂ ಕುದುರೆ.

ನಂಬರ್ ಪ್ಲೇಟ್, ಶಿಲುಬೆ, ಟೋಪಿ

ವಾಹನದ ನಂಬರ್ ಪ್ಲೇಟ್ ಕಂಡರೆ ಅರ್ಧ ಕೆಲಸ ಮುಗಿದಂತೆ. 'ಡಬ್ಲ್ಯೂ ಎಚ್' ಎಂದಿದ್ದರೆ ಭೂಸೇನೆ, 'ಡಬ್ಲ್ಯೂ ಎಲ್' ಎಂದಿದ್ದರೆ ವಾಯುಪಡೆ, 'ಡಬ್ಲ್ಯೂ ಎಂ' ಎಂದಿದ್ದರೆ ನೌಕಾಪಡೆ. ಹಿಟ್ಲರನ ಪಕ್ಷದ ಪಡೆಯಾಗಿದ್ದ ಎಸ್‌ಎಸ್‌ನ ವಾಹನಗಳಿಗೆ ಮಿಂಚಿನ ಹಾಗೆ ಬರೆದ ಎರಡು 'ಎಸ್'.

ಟ್ಯಾಂಕಿನ ಮೇಲೆ ದೊಡ್ಡ ಅಚ್ಚ ಬಿಳಿ ಶಿಲುಬೆ ಇದ್ದರೆ ಅದು 1939ರ ಪೋಲೆಂಡ್ ಯುದ್ಧದ್ದೆಂದು ಊಹಿಸಬಹುದು. ಆ ಬಿಳಿ ಗುರುತು ಶತ್ರುವಿನ ಗುರಿಕಾರನಿಗೆ ಒಳ್ಳೆಯ ಗುರಿಯಾಗುತ್ತಿದ್ದುದರಿಂದ ಬೇಗನೆ ಬದಲಾಯಿಸಿದರು. ಟ್ಯಾಂಕಿನ ಮೈಯೆಲ್ಲ ಬಾಚಣಿಗೆ ಎಳೆದ ಸಿಮೆಂಟಿನ ಹಾಗೆ ಗೀರುಗೀರಾಗಿದ್ದರೆ ಅದು ಅಯಸ್ಕಾಂತದ ಬಾಂಬು ಅಂಟದಿರಲೆಂದು ಬಳಿದ ಲೇಪ. ಕಾರ್ಖಾನೆಗಳು ಅದನ್ನು ಬಳಿಯಲು ಶುರುಮಾಡಿದ್ದು 1943ರ ಉತ್ತರಾರ್ಧದಲ್ಲಿ, ನಿಲ್ಲಿಸಿದ್ದು 1944ರ ಸೆಪ್ಟೆಂಬರಿನಲ್ಲಿ. ಸೈನಿಕನ ತಲೆಯ ಮೇಲೆ ಮುಂದಕ್ಕೆ ಚಾಚಿದ ಅಂಚಿನ ಬಟ್ಟೆಯ ಟೋಪಿ ಇದ್ದರೆ ಜಾಗ್ರತೆಯಾಗಿ ನೋಡಬೇಕು. ಇಡೀ ಭೂಸೇನೆಗೆ ಅಂಥ ಟೋಪಿ ಬಂದದ್ದು 1943ರಲ್ಲಿ. ಹೀಗೆ 'ಇದಕ್ಕಿಂತ ಮೊದಲಲ್ಲ, ಇದಕ್ಕಿಂತ ಆಮೇಲಲ್ಲ' ಎಂದು ಎರಡು ಬದಿಯಿಂದ ದಿನಾಂಕವನ್ನು ಒತ್ತುತ್ತಾ ಬರಬೇಕು.

ಎಡವುವ ಜಾಗಗಳೂ ಇವೆ. ಟ್ಯಾಂಕ್ ಸೈನಿಕರ ಸಮವಸ್ತ್ರ ಕಪ್ಪು, ಕೊರಳಪಟ್ಟಿಯ ಮೇಲೆ ಪುಟ್ಟ ತಲೆಬುರುಡೆ. ಎಸ್‌ಎಸ್‌ನವರ ಟೋಪಿಯ ಮೇಲೂ ತಲೆಬುರುಡೆ. ಹಾಗಾಗಿ ಗೊತ್ತಿಲ್ಲದವರು ಎಲ್ಲ ತಲೆಬುರುಡೆಯನ್ನೂ ಎಸ್‌ಎಸ್ ಎಂದುಬಿಡುತ್ತಾರೆ. ಆಗ ಹದ್ದಿನ ಚಿಹ್ನೆ ನೋಡಬೇಕು: ಭೂಸೇನೆಯವರಿಗೆ ಅದು ಬಲ ಎದೆಯ ಮೇಲೆ, ಎಸ್‌ಎಸ್ ಸೈನಿಕರಿಗೆ ಎಡ ತೋಳಿನ ಮೇಲೆ.

ಆ ಹದ್ದಿನ ಕಾಲಲ್ಲಿರುವ ಗುರುತಿನ ಬಗ್ಗೆ ನಮ್ಮ ಮನೆಯಲ್ಲೇ ತಕರಾರಾಯಿತು. ನನ್ನ ಹೆಂಡತಿ ಒಂದು ದಿನ, "ಅಲ್ರೀ, ನಾವು ಹೊಸಲಿಗೆ ಬರೆಯೋ ಸ್ವಸ್ತಿಕ ಇದು. ಇವರ ಎದೆ ಮೇಲೆ ಹೇಗೆ ಹೋಯ್ತು?" ಎಂದು ಕೇಳಿದಳು. ಆ ಗುರುತು ಸಾವಿರಾರು ವರ್ಷಗಳಿಂದ ಹಲವು ದೇಶಗಳಲ್ಲಿತ್ತು. ನಾಜಿಗಳು ಅದನ್ನು ಎತ್ತಿಕೊಂಡು, ಓರೆ ಮಾಡಿ, ತಮ್ಮ ಪಕ್ಷದ ಬಾವುಟಕ್ಕೆ ಹಾಕಿಕೊಂಡರು. 'ಕೊಕ್ಕೆ ಶಿಲುಬೆ' ಎಂದು ಕರೆದರು. ನಮಗೆ ಮಂಗಳದ ಗುರುತಾದದ್ದು ಅಲ್ಲಿ ಲಕ್ಷಾಂತರ ಮನೆಗಳಿಗೆ ಸಾವಿನ ಗುರುತು. ಇಂದಿನ ಜರ್ಮನಿಯಲ್ಲಿ ಶಿಕ್ಷಣ, ಸಂಶೋಧನೆಯಂಥ ಕಾರಣವಿಲ್ಲದೆ ಅದನ್ನು ಸಾರ್ವಜನಿಕವಾಗಿ ತೋರಿಸುವುದು ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದಲೇ ಮಾರುವವರು ಎಷ್ಟೋ ಬಾರಿ ಆ ಜಾಗಕ್ಕೆ ಪುಟ್ಟ ಕಾಗದದ ಚೂರು ಅಂಟಿಸಿರುತ್ತಾರೆ.

ಪೇಟ ಕಟ್ಟಿದ ಜರ್ಮನ್ ಸೈನಿಕ

ಒಂದು ಸಂಜೆ ಮೊಮ್ಮಗ ಪುಸ್ತಕವೊಂದರಲ್ಲಿ ಅಚ್ಚಾದ ಫೋಟೋ ನೋಡಿ ಕೂಗಿಕೊಂಡ. "ಅಜ್ಜ, ಇಲ್ಲಿ ನೋಡಿ, ಜರ್ಮನ್ ಡ್ರೆಸ್ಸು, ತಲೆ ಮೇಲೆ ಪೇಟ!"

ಅದು ತಪ್ಪಲ್ಲ. ಉತ್ತರ ಆಫ್ರಿಕದಲ್ಲಿ ಬ್ರಿಟಿಷರ ಪರವಾಗಿ ಹೋರಾಡುತ್ತಿದ್ದ ನಮ್ಮ ಸಾವಿರಾರು ಸೈನಿಕರು ಸೆರೆಸಿಕ್ಕಿದ್ದರು. ಅವರಲ್ಲಿ ಹಲವರು ನೇತಾಜಿ ಸುಭಾಷ್‌ಚಂದ್ರ ಬೋಸರ ಕರೆಗೆ ಓಗೊಟ್ಟು ಜರ್ಮನಿಯಲ್ಲಿ ಕಟ್ಟಿದ ಭಾರತೀಯ ದಳ ಸೇರಿದರು. ಅವರ ತೋಳಿನ ಮೇಲೆ ತ್ರಿವರ್ಣದ ನಡುವೆ ನೆಗೆಯುವ ಹುಲಿಯ ಚಿಹ್ನೆ. 1944ರಲ್ಲಿ ಫೀಲ್ಡ್ ಮಾರ್ಷಲ್ ರೊಮ್ಮೆಲ್ ಫ್ರಾನ್ಸಿನ ಕರಾವಳಿಯಲ್ಲಿ ಅವರನ್ನು ಭೇಟಿಯಾದ ಫೋಟೋಗಳೂ ಇವೆ. ಅದೇ ಹೊತ್ತಿಗೆ ಎದುರು ಪಕ್ಷದಲ್ಲಿ ಲಕ್ಷಾಂತರ ಭಾರತೀಯರಿದ್ದರು. 1943ರ ಮೇ ತಿಂಗಳಲ್ಲಿ ಟ್ಯುನೀಷಿಯದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ನಮ್ಮ 4ನೇ ಭಾರತೀಯ ಡಿವಿಷನ್ನಿಗೆ.

ಆಗ ಮೊಮ್ಮಗ ನೇರವಾಗಿ ಕೇಳಿದ: "ಇವರು ಒಳ್ಳೆಯವರಾ, ಕೆಟ್ಟವರಾ?"

ತೋಳಿನ ಹುಲಿಯನ್ನು ನೋಡಿ ಯಾವ ದಳ ಎಂದು ಹೇಳಬಹುದು. ಆ ಮನುಷ್ಯ ದೇಶಕ್ಕಾಗಿ ಸೇರಿದನೋ, ಸೆರೆಮನೆಯ ಹಸಿವಿಗಾಗಿ ಸೇರಿದನೋ, ಗೆಳೆಯ ಸೇರಿದನೆಂದು ಸೇರಿದನೋ ಫೋಟೋ ಹೇಳುವುದಿಲ್ಲ. ಇಷ್ಟು ಹೇಳಿ ನಾನು ಜಾರಿಕೊಂಡೆ. ಆದರೆ ಆ ಪ್ರಶ್ನೆ ಎರಡೇ ದಿನದಲ್ಲಿ ನನ್ನನ್ನೇ ಹುಡುಕಿಕೊಂಡು ಬಂತು.

ಉಲ್ಟಾ ಬರೆದ 'ಎನ್'

ನನ್ನ ಸಂಗ್ರಹದಲ್ಲಿ ನನಗೆ ಬಹಳ ಪ್ರಿಯವಾದ ಒಂದು ಫೋಟೋ ಇತ್ತು. ರಸ್ತೆಬದಿ ನಿಂತ ಓಪೆಲ್ ಬ್ಲಿಟ್ಸ್ ಲಾರಿ. 'ಬ್ಲಿಟ್ಸ್' ಎಂದರೆ ಮಿಂಚು. ಅದರ ಹಿಂಬದಿಯ ಹಲಗೆ ಇಳಿಸಿ ಐದು ಹುಡುಗರು ಸಾಲಾಗಿ ಕೂತಿದ್ದಾರೆ. ಹುಡುಗರೇ, ಇಪ್ಪತ್ತು ದಾಟಿರಲಾರದು. ಒಬ್ಬನ ಕೈಯಲ್ಲಿ ಅಕಾರ್ಡಿಯನ್. ಎಲ್ಲರೂ ಬಾಯಿತುಂಬ ನಗುತ್ತಿದ್ದಾರೆ. ನೋಡಿದವರ ಮುಖದಲ್ಲೂ ನಗು ಬರುತ್ತದೆ.

ಅದನ್ನು ಕೊಂಡ ಡಬ್ಬದಲ್ಲಿ ಬೇರೆ ಕೆಲವು ಫೋಟೋಗಳ ಬೆನ್ನಿಗೆ 'ಫ್ರಾನ್ಸ್ 1940' ಎಂದು ಬರೆದಿತ್ತು. ಇದರ ಬೆನ್ನು ಖಾಲಿ. ಒಂದೇ ಡಬ್ಬದ್ದಲ್ಲವೇ ಎಂದು ನಾನೇ ಬಾಲ್‌ಪೆನ್ನಿನಿಂದ ಬರೆದೆ: 'ಫ್ರಾನ್ಸ್, 1940. ಬಿಡುವಿನ ವೇಳೆ.' ಅಷ್ಟೇ ಅಲ್ಲ. ನಮ್ಮೂರಿನ ಒಂದು ಶಾಲೆಯಲ್ಲಿ ಮಕ್ಕಳ ದಿನಾಚರಣೆಗೆ ನನ್ನ ಫೋಟೋಗಳ ಪ್ರದರ್ಶನ ಇಟ್ಟಾಗ ಇದನ್ನು ದೊಡ್ಡದು ಮಾಡಿಸಿ, ಅದೇ ಸಾಲು ಬರೆದು, ಬಾಗಿಲ ಹತ್ತಿರವೇ ತೂಗುಹಾಕಿದ್ದೆ. ಮಕ್ಕಳೆಲ್ಲ ಅದರ ಮುಂದೆ ನಿಂತು ನಕ್ಕು ಹೋಗಿದ್ದರು.

ಮೊಮ್ಮಗ ಈಗ ಭೂತಗನ್ನಡಿ ಬಿಡುತ್ತಿರಲಿಲ್ಲ. ನಾನು ಯಾವಾಗಲೂ ಲಾರಿಯನ್ನೂ ಹುಡುಗರನ್ನೂ ನೋಡುತ್ತಿದ್ದೆ; ಅವನು ಅಂಚುಗಳನ್ನು ನೋಡಿದ.

"ಅಜ್ಜ, ಈ ಬೋರ್ಡಿನಲ್ಲಿ 'ಎನ್' ಉಲ್ಟಾ ಬರೆದಿದ್ದಾರೆ."

ಬಲಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಒಂದು ದಾರಿಫಲಕ. ಮೂರೇ ಅಕ್ಷರ ಕಾಣುತ್ತಿತ್ತು. ನಡುವಿನದು ಉಲ್ಟಾ 'ಎನ್'. ಅದು ತಪ್ಪಾಗಿ ಬರೆದ ಇಂಗ್ಲಿಷ್ ಅಕ್ಷರವಲ್ಲ, ರಷ್ಯನ್ ಲಿಪಿಯ ಅಕ್ಷರ. ಫ್ರಾನ್ಸಿನ ಹಳ್ಳಿರಸ್ತೆಯಲ್ಲಿ ಅಂಥ ಫಲಕ ಇರುವುದಿಲ್ಲ. ನನ್ನ 'ಫ್ರಾನ್ಸ್' ಅಲ್ಲೇ ಬಿದ್ದುಹೋಯಿತು. ಇದು ಪೂರ್ವದ ರಣರಂಗ, 1941ರ ಜೂನ್ ನಂತರದ್ದು.

"ಹಿಂದೆ ಜನ ಹೋಗ್ತಿದ್ದಾರೆ, ಅಜ್ಜ."

ಲಾರಿಯ ಹಿಂದೆ, ದೂರದಲ್ಲಿ, ಬೂದುಬಣ್ಣದಲ್ಲಿ ನಾನು ಬೇಲಿ ಎಂದುಕೊಂಡಿದ್ದ ಒಂದು ಸಾಲು. ಅದು ಬೇಲಿಯಲ್ಲ. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಕೈಯಲ್ಲಿ ಗಂಟುಮೂಟೆ, ಒಬ್ಬ ಬಾಗಿದ ಮುದುಕ, ಇಬ್ಬರೋ ಮೂವರೋ ಮಕ್ಕಳು. ಸಾಲಿನ ಎರಡು ತುದಿಯಲ್ಲಿ ಹೆಗಲಿಗೆ ಬಂದೂಕು ಹಾಕಿದ ಇಬ್ಬರು. ಹತ್ತು ವರ್ಷದಿಂದ ಆ ಫೋಟೋ ನನ್ನ ಮನೆಯಲ್ಲಿತ್ತು. ನಾನು ಲಾರಿಯ ಮಡ್‌ಗಾರ್ಡಿನ ಮೇಲಿನ ದೀಪ ಯಾವ ಮಾದರಿಯದು ಎಂದು ನೋಡಿದ್ದೆ. ಆ ಮಕ್ಕಳನ್ನು ನೋಡಿರಲಿಲ್ಲ.

ಯಾರವರು? ಮನೆ ಸುಟ್ಟು ಹೊರಟ ನಿರಾಶ್ರಿತರೇ? ಜರ್ಮನಿಗೆ ಬಲವಂತದ ದುಡಿಮೆಗೆ ಸಾಗಿಸುತ್ತಿದ್ದವರೇ? ಕೊಲ್ಲಲು ಕರೆದೊಯ್ಯುತ್ತಿದ್ದ ಯಹೂದಿ ಕುಟುಂಬಗಳೇ? ಆ ನೆಲದಲ್ಲಿ ಮೂರೂ ನಡೆದವು. ಮಗಳ ಮೂಲಕ ಅವಳ ಪಕ್ಕದ ಮನೆಯ, ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮೇಡಂಗೆ ಫೋಟೋದ ಪ್ರತಿ ಕಳಿಸಿದೆ. ಮೂರು ಅಕ್ಷರದಿಂದ ಊರು ಹೇಳಲಾಗದು, ಬೆನ್ನುಗಳನ್ನು ನೋಡಿ ಜನ ಯಾರೆಂದು ಹೇಳಲಾಗದು ಎಂದು ಅವರು ಬರೆದರು. ತಮ್ಮ ತಂದೆಯೂ ಆ ಸೈನ್ಯದಲ್ಲಿದ್ದರು, ತಂದೆಯ ಆಲ್ಬಮ್ಮಿನಲ್ಲೂ ಎಲ್ಲರೂ ನಗುತ್ತಾರೆ ಎಂದೂ ಬರೆದಿದ್ದರು.

ಇಪ್ಪತ್ತಕ್ಕೂ ಕಡಿಮೆ ತಪ್ಪು

ಒಂದು ತಪ್ಪು ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜರ್ಮನಿಯಲ್ಲೇ ದೊಡ್ಡ ಉದಾಹರಣೆ ಇದೆ. ಯುದ್ಧ ಮುಗಿದ ಮೇಲೆ ಅಲ್ಲಿ ಅನೇಕರು, 'ಕೊಲೆಪಾತಕ ಮಾಡಿದ್ದೆಲ್ಲ ಎಸ್‌ಎಸ್‌ನವರು, ಸಾಮಾನ್ಯ ಸೈನ್ಯದ ಕೈ ಶುದ್ಧ' ಎಂದು ನಂಬಿಕೊಂಡಿದ್ದರು. 1995ರಲ್ಲಿ ಹ್ಯಾಂಬರ್ಗಿನ ಒಂದು ಸಂಶೋಧನಾ ಸಂಸ್ಥೆ ಫೋಟೋ, ದಾಖಲೆಗಳ ಪ್ರದರ್ಶನ ಏರ್ಪಡಿಸಿ, ಸೈನ್ಯವೂ ಆ ಅಪರಾಧಗಳಲ್ಲಿ ಪಾಲುದಾರ ಎಂದು ತೋರಿಸಿತು. ಊರಿಂದೂರಿಗೆ ಹೋದ ಆ ಪ್ರದರ್ಶನವನ್ನು ಲಕ್ಷಾಂತರ ಜನ ನೋಡಿದರು. ಕೆಲವರು ಅತ್ತರು, ಕೆಲವರು ಬೀದಿಗಿಳಿದು ಪ್ರತಿಭಟಿಸಿದರು.

1999ರಲ್ಲಿ ಪೋಲೆಂಡ್ ಮೂಲದ ಬೊಗ್ದಾನ್ ಮುಸಿಯಾಲ್, ಹಂಗೆರಿಯ ಕ್ರಿಸ್ತಿಯಾನ್ ಉಂಗ್ವಾರಿ ಎಂಬ ಇತಿಹಾಸಕಾರರು ಕೆಲವು ಫೋಟೋಗಳ ವಿವರಣೆ ತಪ್ಪೆಂದು ತೋರಿಸಿದರು. ಜರ್ಮನ್ ಸೈನ್ಯ ಕೊಂದದ್ದೆಂದು ಹಾಕಿದ್ದ ಕೆಲವು ಶವಗಳು ನಿಜವಾಗಿ ಸೋವಿಯತ್ ಗುಪ್ತ ಪೊಲೀಸರು ಕೊಂದವರದು. ಪ್ರದರ್ಶನವನ್ನು ನಿಲ್ಲಿಸಿ, ಇತಿಹಾಸಕಾರರ ಸಮಿತಿ ನೇಮಿಸಿದರು. ಸಮಿತಿ ಒಂದು ವರ್ಷ ಪರಿಶೀಲಿಸಿ 2000ದಲ್ಲಿ ವರದಿ ಕೊಟ್ಟಿತು: 1433 ಫೋಟೋಗಳಲ್ಲಿ ಅಲ್ಲಿರಬಾರದಿದ್ದವು ಇಪ್ಪತ್ತಕ್ಕೂ ಕಡಿಮೆ. ಫೋಟೋಗಳನ್ನು ತಿದ್ದಿ ಮೋಸ ಮಾಡಿರಲಿಲ್ಲ. ಪ್ರದರ್ಶನದ ಮೂಲ ಮಾತು ಸರಿಯಾಗಿಯೇ ಇತ್ತು. ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸಿ 2001ರಲ್ಲಿ ಮತ್ತೆ ತೆರೆದರು.

ಆದರೂ ನೋಡಿ, ಸಾವಿರದ ನಾನೂರರಲ್ಲಿ ಇಪ್ಪತ್ತು ತಪ್ಪಿದ್ದೇ ಸಾಕಾಯಿತು, ಸತ್ಯ ಕೇಳಲು ಮನಸ್ಸಿಲ್ಲದವರಿಗೆ 'ಎಲ್ಲವೂ ಸುಳ್ಳು' ಎನ್ನಲು. ಒಂದು ಪೈಸೆ ತಾಳೆಯಾಗದಿದ್ದರೆ ಇಡೀ ದಿನದ ಲೆಕ್ಕ ಮತ್ತೆ ನೋಡುತ್ತಾ ರಾತ್ರಿಯವರೆಗೆ ಕೂತ ನಮಗೆ ಇದು ಅರ್ಥವಾಗುತ್ತದೆ.

ನಗುವಿನ ಕಥೆಯೂ ಹೀಗೆಯೇ. 2007ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯ ಒಂದು ಆಲ್ಬಮನ್ನು ಜಗತ್ತಿಗೆ ತೋರಿಸಿತು. 116 ಫೋಟೋ. ಯುದ್ಧ ಮುಗಿದ ಮೇಲೆ ಒಬ್ಬ ಅಮೆರಿಕನ್ ಅಧಿಕಾರಿಗೆ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿದ್ದು. ಅದರಲ್ಲಿ ಸಮವಸ್ತ್ರ ತೊಟ್ಟವರು ಹಾಡುತ್ತಾರೆ. ಒಬ್ಬನ ಕೈಯಲ್ಲಿ ಅಕಾರ್ಡಿಯನ್. ಹುಡುಗಿಯರು ಬಟ್ಟಲಿನಲ್ಲಿ ಹಣ್ಣು ತಿಂದು ಮುಗಿಸಿ ನಗುತ್ತಾರೆ. ಯಾವುದೋ ಕಾಲೇಜಿನ ಪ್ರವಾಸ ಎನ್ನಬೇಕು. ಆಲ್ಬಮ್ ಇಟ್ಟುಕೊಂಡಿದ್ದವನು ಕಾರ್ಲ್ ಹೋಕರ್, ಆಶ್ವಿಟ್ಸ್ ಶಿಬಿರದ ಮುಖ್ಯಸ್ಥನ ಸಹಾಯಕ. ಅವರೆಲ್ಲ ಅಲ್ಲಿಯ ನೌಕರರು. ಆ ಫೋಟೋಗಳಲ್ಲಿ ಬಹಳಷ್ಟು 1944ರ ಬೇಸಿಗೆಯವು. ಅದೇ ದಿನಗಳಲ್ಲಿ ಹಂಗೆರಿಯಿಂದ ರೈಲುಗಳಲ್ಲಿ ತಂದ ಲಕ್ಷಾಂತರ ಯಹೂದಿಗಳನ್ನು ಆ ಶಿಬಿರದಲ್ಲಿ ಕೊಂದರು.

ಮೊಮ್ಮಗನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಒಂದು ರಾತ್ರಿ ಯೋಚಿಸಿದೆ. ಅವನೇ ಆ ಸಾಲನ್ನು ಕಂಡುಹಿಡಿದವನು, ಅವನಿಂದ ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಲಾರಿ ಮೇಲಿರೋರೂ ಕೆಟ್ಟವರಾ, ಅಜ್ಜ?" ಎಂದ.

"ಆ ಯುದ್ಧ ಕೆಟ್ಟದ್ದು. ಅದನ್ನು ಹೂಡಿದವರು, ಕೊಂದವರು ಮಾಡಿದ್ದು ಮಹಾಪಾಪ. ಅದರಲ್ಲಿ ಎರಡು ಮಾತಿಲ್ಲ. ಈ ಐದು ಹುಡುಗರು ಏನು ಮಾಡಿದರು ಅಂತ ನನಗೆ ಗೊತ್ತಿಲ್ಲ, ಮರಿ. ಹಿಂದೆ ಹೋಗುತ್ತಿದ್ದವರನ್ನು ಅವರು ನೋಡಿದರೋ ಇಲ್ಲವೋ, ಅದೂ ಗೊತ್ತಿಲ್ಲ. ನಾನಂತೂ ನೋಡಲಿಲ್ಲ."

ತಪ್ಪು ಎಂಟ್ರಿ

ಬ್ಯಾಂಕಿನಲ್ಲಿ ಲೆಡ್ಜರು ಬರೆಯುವ ಕಾಲದಲ್ಲಿ ನಮಗೆ ಒಂದು ಕಟ್ಟುನಿಟ್ಟು ಇತ್ತು. ತಪ್ಪು ಬರೆದರೆ ಬ್ಲೇಡಿನಿಂದ ಕೆರೆಯುವಂತಿಲ್ಲ, ರಬ್ಬರು ಹಾಕುವಂತಿಲ್ಲ. ಅದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಹಾಕಬೇಕು. ತಪ್ಪು ಯಾರದ್ದು ಎಂಬುದು ಕಾಣುತ್ತಲೇ ಇರಬೇಕು.

ಹಾಗೆಯೇ ಮಾಡಿದೆ. ಫೋಟೋದ ಬೆನ್ನಿನ ಮೇಲಿನ ನನ್ನ ಸಾಲಿಗೆ ಮೆತ್ತನೆಯ ಪೆನ್ಸಿಲಿನಿಂದ ಒಂದು ಗೆರೆ. ಪ್ರತ್ಯೇಕ ಕಾರ್ಡಿನ ಮೇಲೆ ಮೊಮ್ಮಗ ತನ್ನ ಅಕ್ಷರದಲ್ಲಿ ಬರೆದ: 'ಓಪೆಲ್ ಬ್ಲಿಟ್ಸ್ ಲಾರಿ. ಐದು ಜರ್ಮನ್ ಸೈನಿಕರು. ರಷ್ಯನ್ ಲಿಪಿಯ ಫಲಕ. 1941ರ ಜೂನ್ ನಂತರ. ಹಿಂದೆ ಕಾವಲಿನಲ್ಲಿ ನಡೆಯುತ್ತಿರುವ ಹೆಂಗಸರು, ಮಕ್ಕಳು, ಒಬ್ಬ ಮುದುಕ. ಯಾರೆಂದು ಗೊತ್ತಿಲ್ಲ.' ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಆ ಹೆಡ್‌ಮಾಸ್ಟರರ ಬಳಿ ಹೋಗಿ ಹತ್ತು ನಿಮಿಷ ಕೇಳಿಕೊಂಡೆ. ಅವರು "ಅಷ್ಟಕ್ಕೆಲ್ಲ ಯಾಕೆ ಸಾರ್ ತೊಂದರೆ ತಗೋತೀರಿ, ಮಕ್ಕಳು ಮರೆತಿರ್ತಾರೆ" ಎಂದರು. ಮರೆತಿರಲಿಲ್ಲ. ಫೋಟೋ ಎತ್ತಿ ಹಿಡಿದ ಕೂಡಲೇ, "ಅಕಾರ್ಡಿಯನ್ ಫೋಟೋ!" ಎಂದು ಹಿಂದಿನ ಬೆಂಚಿನಿಂದ ಕೂಗಿದರು. ನಾನು ತಪ್ಪು ಹೇಳಿದ್ದೆ ಎಂದೆ. ಎಲ್ಲಿ ತಪ್ಪಿತು, ಯಾರು ಕಂಡುಹಿಡಿದರು ಎಂದು ವಿವರಿಸಿದೆ. ಭೂತಗನ್ನಡಿಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ಸಾರ್, ಈ ಚಿಕ್ಕ ಮಗು ಹಿಂದೆ ತಿರುಗಿ ನೋಡ್ತಿದೆ" ಎಂದಳು. ನಾನು ಅದನ್ನೂ ನೋಡಿರಲಿಲ್ಲ. ಮನೆಗೆ ಬಂದು ಕಾರ್ಡಿಗೆ ಅದನ್ನೂ ಸೇರಿಸಿದೆ.

ಕೊನೆಗೆ ಅಜ್ಜ-ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಂದು ಮಾತು. ನಿಮ್ಮ ಮನೆಯ ಅಲಮಾರಿಯಲ್ಲೂ ಹಳೆಯ ಫೋಟೋಗಳ ಡಬ್ಬ ಇದ್ದೇ ಇರುತ್ತದೆ. ಒಂದು ಭಾನುವಾರ ಜೊತೆಗೆ ಕೂತು ತೆಗೆಯಿರಿ. ಮಕ್ಕಳೇ, ನೀವು ಅಂಚುಗಳನ್ನು ನೋಡಿ, ಪ್ರಶ್ನೆ ಕೇಳಿ. ಹಿರಿಯರೇ, ನೆನಪಿದ್ದದ್ದನ್ನು ಹೇಳಿ. ನೆನಪಿಲ್ಲದ್ದಕ್ಕೆ ಊಹೆ ಸೇರಿಸಬೇಡಿ. ಬಾಲ್‌ಪೆನ್ ಬೇಡ, ಅದರ ಮಸಿ ವರ್ಷಗಳ ಮೇಲೆ ಮುಂಬದಿಗೆ ಇಳಿಯಬಹುದು, ಒತ್ತಿ ಬರೆದರೆ ಗೀರೂ ಬೀಳುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಹೆಸರು, ಊರು, ವರ್ಷ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಿರಿ. ಮುಂದೆ ಯಾರಾದರೂ ಹುಡುಕಿ ತುಂಬಲು ಜಾಗ ಉಳಿದಿರುತ್ತದೆ.